ಪಹಣಿಯಲ್ಲಿ 1.10 ಅಂದರೆ ಎಷ್ಟು ಎಕರೆ? ಚೈನು, ಆಣೆ, ಗುಂಟೆ ಲೆಕ್ಕ ತಪ್ಪುವುದು ಎಲ್ಲಿ?

‘ಜಮೀನು ಅಳತೆ ಪಟ್ಟಿ, ಎಲ್ಲರಿಗೂ ಕಳಿಸಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಸಂದೇಶಗಳಲ್ಲಿ ‘1 ಚೈನು = 66 ಅಡಿ’ ಎಂದಿರುವುದುಂಟು. ಇದು ಸುಳ್ಳಲ್ಲ. ಆದರೆ ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯ ರೈತರೊಬ್ಬರು ತಮ್ಮ ಹೊಲದ ಹಳೆಯ ಸರ್ವೆ ಟಿಪ್ಪಣಿಗೆ ಈ ಲೆಕ್ಕ ಹಚ್ಚಿದರೆ, ಒಂದೂಕಾಲು ಎಕರೆ ಹೊಲ ಐದು ಎಕರೆಯಾಗಿಬಿಡುತ್ತದೆ! ಹೇಗೆ ಎಂದು ನೋಡೋಣ.

66 ಅಡಿಯ ಸರಪಳಿ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರಲ್ಲಿ ರೂಪಿಸಿದ್ದು. ಅದರಲ್ಲಿ 100 ಕೊಂಡಿಗಳು, ಒಂದೊಂದೂ 7.92 ಇಂಚು. ಇದೆಂಥ ವಿಚಿತ್ರ ಸಂಖ್ಯೆ ಅನ್ನಿಸಬಹುದು, ಆದರೆ ಅದರ ಜಾಣತನ ಬೇರೆ ಕಡೆ ಇದೆ: ಉದ್ದ, ಅಗಲಗಳನ್ನು ಚೈನಿನಲ್ಲಿ ಅಳೆದು ಗುಣಿಸಿ 10ರಿಂದ ಭಾಗಿಸಿದರೆ ನೇರವಾಗಿ ಎಕರೆ ಸಿಗುತ್ತದೆ. ಮದ್ರಾಸ್ ಪ್ರಾಂತ್ಯದ ಪದ್ಧತಿಯಲ್ಲಿ ಎಕರೆಯನ್ನು 100 ಸೆಂಟ್ಸ್ ಮಾಡಿದ್ದರಿಂದ ಅಲ್ಲಿ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ನಮ್ಮ ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿಯಿತು. ಅದಕ್ಕೂ ಮೊದಲು ಹೊಲದ ಅಳತೆ ಎಂದರೆ ಬಹುಮಟ್ಟಿಗೆ ಬೀಜದ ಲೆಕ್ಕ: ಇಷ್ಟು ಕೊಳಗ, ಇಷ್ಟು ಖಂಡುಗ ಬಿತ್ತುವಷ್ಟು ನೆಲ. (ಮಣ್ಣು, ಬೆಳೆ ಬದಲಾದರೆ ಇದೂ ಬದಲಾಗುತ್ತದೆ. ಹಾಗಾಗಿ ‘1 ಖಂಡುಗ = ಇಷ್ಟೇ ಎಕರೆ’ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.) 1863ರಲ್ಲಿ ಇಲ್ಲಿ ಮುಂಬೈ ಮಾದರಿಯ ಕಂದಾಯ ಸರ್ವೆ ಶುರುವಾಯಿತು. ಆ ಪದ್ಧತಿಯ ಚೈನು 33 ಅಡಿ, ಗಂಟರ್ ಸರಪಳಿಯ ಸರಿಯಾಗಿ ಅರ್ಧ. ಅದಕ್ಕೆ ಕೊಂಡಿಯ ಲೆಕ್ಕವಿಲ್ಲ, ರೂಪಾಯಿಯಂತೆ 16 ಆಣೆ. ಒಂದು ಆಣೆ ಎಂದರೆ 24.75 ಇಂಚು, ಅಂದರೆ ಎರಡು ಅಡಿಗಿಂತ ಮುಕ್ಕಾಲು ಇಂಚು ಹೆಚ್ಚು.

ಉದ್ದ ಒಂದು ಚೈನು, ಅಗಲ ಒಂದು ಚೈನು ಇರುವ ಚೌಕವೇ ಒಂದು ಗುಂಟೆ (ಆಡುಮಾತಿನ ಕುಂಟೆ): 33 × 33 = 1,089 ಚದರ ಅಡಿ. ಇಂಥ 40 ಸೇರಿದರೆ 43,560 ಚದರ ಅಡಿ, ಒಂದು ಎಕರೆ.

ತಲೆ ಕೆಡಿಸುವುದು ‘ಆಣೆ’. ಉದ್ದದ ಆಣೆ ಬೇರೆ, ಜಾಗದ ಆಣೆ ಬೇರೆ. ಒಂದು ಚೈನು ಉದ್ದ, ಒಂದು ಆಣೆ ಅಗಲದ ಪಟ್ಟಿಯೇ ಜಾಗದ ಲೆಕ್ಕದಲ್ಲಿ ಒಂದು ಆಣೆ: ಗುಂಟೆಯ ಹದಿನಾರನೇ ಒಂದು ಭಾಗ, ಸುಮಾರು 68 ಚದರ ಅಡಿ.

ಈಗ ಒಂದು ಹೊಲ ತೆಗೆದುಕೊಳ್ಳೋಣ. ಉದ್ದ 12 ಚೈನು 8 ಆಣೆ, ಅಗಲ 4 ಚೈನು. 8 ಆಣೆ ಅರ್ಧ ಚೈನು, ಆದ್ದರಿಂದ 12.5 × 4 = 50 ಗುಂಟೆ. 40 ಕಳೆದರೆ 1 ಎಕರೆ 10 ಗುಂಟೆ. ಇದೇ ಒಂದೂಕಾಲು ಎಕರೆ. ಟಿಪ್ಪಣಿಯ 12-8 ಅನ್ನು 12.8 ಎಂದು ಓದಿದರೆ ಒಂದು ಗುಂಟೆಗಿಂತ ಹೆಚ್ಚು ತಪ್ಪುತ್ತದೆ. ಫಾರ್ವರ್ಡ್‌ನ 66 ಅಡಿ ಹಿಡಿದರೆ ಉದ್ದವೂ ಇಮ್ಮಡಿ, ಅಗಲವೂ ಇಮ್ಮಡಿ, ಹೊಲ ನಾಲ್ಕು ಪಟ್ಟು.

ದುಡ್ಡು ಹೋಗುವುದು ಮಾತ್ರ ಪಹಣಿ ಓದುವಾಗ. ಈ ಹೊಲ ಪಹಣಿಯಲ್ಲಿ 1.10 ಎಂಬಂತೆ ಕಾಣುತ್ತದೆ. ಅದು ದಶಮಾಂಶದ ಚುಕ್ಕೆಯಲ್ಲ. ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ಎಕರೆಯ ಬೆಲೆಯನ್ನು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 1.10ರಿಂದ ಗುಣಿಸಿದರೆ 44 ಗುಂಟೆಗಷ್ಟೇ ಹಣ ಬರುತ್ತದೆ. ಉಳಿದ 6 ಗುಂಟೆ, ಅಂದರೆ 6,534 ಚದರ ಅಡಿ, ಮಾರಿದವರಿಗೆ ನಷ್ಟ. ಐದು 30-40 ಸೈಟಿಗಿಂತ ಹೆಚ್ಚು ಜಾಗ! ಅಣ್ಣತಮ್ಮಂದಿರ ಪಾಲಿನಲ್ಲೂ ಇದೇ ಕಥೆ. 1.10ಕ್ಕೆ 2.35 ಕೂಡಿಸಿದರೆ ಕ್ಯಾಲ್ಕುಲೇಟರ್ 3.45 ತೋರಿಸುತ್ತದೆ. ಸರಿಯಾದ ಉತ್ತರ 4 ಎಕರೆ 5 ಗುಂಟೆ. ಎಲ್ಲವನ್ನೂ ಮೊದಲು ಗುಂಟೆಗೆ ಇಳಿಸಿ, ಕೂಡಿಸಿ, ಆಮೇಲೆ 40ರಿಂದ ಭಾಗಿಸಿ.

ಮಧುಗಿರಿ, ಪಾವಗಡದವರಿಗೆ ಇನ್ನೊಂದು ಮಾತು. ಗಡಿ ದಾಟಿ ಮಡಕಶಿರಾ, ಹಿಂದೂಪುರದ ಕಡೆ ಹೋದರೆ ಮಾತು ಸೆಂಟ್ಸಿಗೆ ತಿರುಗುತ್ತದೆ. ಅಲ್ಲಿ 1.10 ಎಂದರೆ 1 ಎಕರೆ 10 ಸೆಂಟ್ಸ್, ನಿಜವಾಗಿಯೂ ದಶಮಾಂಶ. ಒಂದು ಸೆಂಟ್ 435.6 ಚದರ ಅಡಿ; ಎರಡೂವರೆ ಸೆಂಟ್ ಸೇರಿದರೆ ಒಂದು ಗುಂಟೆ. ನೆಂಟರು ‘ಹತ್ತು’ ಎಂದಾಗ ಹತ್ತು ಏನು ಎಂದು ಕೇಳಿಕೊಳ್ಳಿ.

ಸರ್ವೆಯವರ 20 ಮೀಟರ್ ಚೈನನ್ನು ಕೆಲವರು ‘ಅದೇ 66 ಅಡಿ’ ಎನ್ನುತ್ತಾರೆ. ಅದು ಸುಮಾರು 65 ಅಡಿ ಏಳೂವರೆ ಇಂಚು. ಐದು ಚೈನು ಅಳೆಯುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಆಣೆ ವ್ಯತ್ಯಾಸ ಬರುತ್ತದೆ, ಬದುವಿನ ಜಗಳಕ್ಕೆ ಇಷ್ಟು ಸಾಕು.

ಹಾಗಾದರೆ ಮೊಬೈಲ್ ಹಿಡಿದು ಬದುವಿನ ಮೇಲೆ ನಡೆದರೆ ಆಗದೇ? ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತಿರುವ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಅಷ್ಟಕ್ಕೆ ಉಪಯುಕ್ತ. ಆದರೆ ಬಯಲಲ್ಲಿ ನಿಂತರೂ ಮಾಮೂಲಿ ಫೋನಿನ ಜಿಪಿಎಸ್ ಸುಮಾರು 16 ಅಡಿ ಆಚೀಚೆ ಆಗುತ್ತದೆ, ಅಂದರೆ ಹತ್ತಿರ ಹತ್ತಿರ ಅರ್ಧ ಚೈನು. ಗಡಿಯೇ ತಕರಾರಿನಲ್ಲಿದ್ದರೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಟಿಪ್ಪಣಿಯ ನಕಲು ಪಡೆದು, ಅದರಲ್ಲಿರುವ ಚೈನನ್ನು 33ರಿಂದ ಗುಣಿಸಿ ನೋಡಿ.