ಗೂಬೆಯ ಮೇಲೇ ಗೂಬೆ ಕೂರಿಸಿದ್ದು

ಬೆಂಗಳೂರಿನಲ್ಲಿ ನೀವು ತರುವ ಸೋನಾ ಮಸೂರಿ ಚೀಲದ ಮೇಲೆ ‘ಗಂಗಾವತಿ’ ಅನ್ನೋ ಹೆಸರು ಓದಿರ್ತೀರಿ. ಆ ಅಕ್ಕಿಯ ಇತಿಹಾಸ ಹೇಳುವಾಗ ಅಣೆಕಟ್ಟು ಬರ್ತದೆ, ಕಾಲುವೆ ಬರ್ತದೆ, ರೈಸ್ ಮಿಲ್ಲು ಬರ್ತದೆ. ಗೂಬೆ ಮಾತ್ರ ಬರೋದಿಲ್ಲ.

ನಮ್ಮ ಕಡೆ ಒಂದು ಕಾಲಕ್ಕೆ ಹೆಚ್ಚಾಗಿ ಜೋಳ, ಸಜ್ಜೆ ಬೆಳೀತಿದ್ರು. ಆನೆಗೊಂದಿ, ಗಂಗಾವತಿಯ ವಿಜಯನಗರ ಕಾಲದ ಕಾಲುವೆಗಳ ಕೆಳಗಷ್ಟೇ ಭತ್ತ. 1945ರಲ್ಲಿ ನಿಜಾಮರ ಹೈದರಾಬಾದ್ ಮತ್ತು ಬ್ರಿಟಿಷರ ಮದ್ರಾಸ್ ಸೇರಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನ ಕಟ್ಟಿಕೊಂಡ್ರು. ನೋಡ್ತಾ ನೋಡ್ತಾ ಎಡದಂಡೆ ಅನ್ನೋದು ಭತ್ತದ ಕಣಜ ಆಯ್ತು.

ಕಣಜ ಅಂದ್ಮೇಲೆ ಇಲಿ ಬರಲೇಬೇಕಲ್ಲ? ಗದ್ದೆಯ ಬದುವಿನಲ್ಲಿ ಬಿಲ ತೋಡಿ, ತೆನೆ ಕತ್ತರಿಸಿ ಒಳಗೆ ಕೂಡಿಡುವ ಹೆಗ್ಗಣಕ್ಕೆ ಇದಕ್ಕಿಂತ ಒಳ್ಳೆ ಊರು ಎಲ್ಲಿ ಸಿಗ್ತದೆ? ಅದರ ಹಿಂದೆಯೇ ಬರೋದು ಗೂಬೆ, ನಮ್ಮ ಮಾತಲ್ಲಿ ಗೂಗಿ.

ನಮ್ಮ ಸೀಮೆಯಲ್ಲಿ ಮುಖ್ಯವಾಗಿ ಮೂರು ಬಗೆ. ಬಂಡೆಗಲ್ಲಿನ ಗುಡ್ಡಗಳಲ್ಲಿರೋದು ಕೊಂಬಿನ ಗೂಬೆ. ಅದು ಗೂಡು ಕಟ್ಟೋದಿಲ್ಲ, ಬಂಡೆಯ ಸಂದಿನಲ್ಲಿ ಬರೀ ಮಣ್ಣಿನ ಮೇಲೆ ಮೊಟ್ಟೆ ಇಡ್ತದೆ. ಹಾಳು ಗುಡಿ, ಹಳೇ ಕಟ್ಟಡಗಳಲ್ಲಿರೋದು ಬಿಳಿ ಮುಖದ ಕಣಜ ಗೂಬೆ. ಅದರ ಒಂದು ಕಿವಿ ಇನ್ನೊಂದಕ್ಕಿಂತ ಮೇಲಿದೆ. ಎರಡೂ ಕಿವಿಗೆ ಶಬ್ದ ತಲುಪುವ ಹೊತ್ತಿನಲ್ಲಿ, ಜೋರಿನಲ್ಲಿ ಇರುವ ವ್ಯತ್ಯಾಸದಿಂದ ಕಗ್ಗತ್ತಲಲ್ಲೂ ಇಲಿ ಎಲ್ಲಿದೆ ಅಂತ ಲೆಕ್ಕ ಹಾಕ್ತದೆ. ಸಾಫ್ಟ್‌ವೇರಿನ ನಾವು ಮಿಲಿಸೆಕೆಂಡಿಗೆ ಬೀಗ್ತೀವಿ, ಇದರ ವ್ಯವಹಾರ ಮೈಕ್ರೋಸೆಕೆಂಡಿನದು.

ಮೂರನೆಯದು ಮರದ ಪೊಟರೆಯಲ್ಲಿರುವ ಪುಟ್ಟ ಚುಕ್ಕೆ ಗೂಬೆ. ಇದಕ್ಕೆ ಕನ್ನಡದಲ್ಲಿ ಇನ್ನೊಂದು ಹೆಸರಿದೆ: ಹಾಲಕ್ಕಿ. ಹೌದು, ಬೆಳಕು ಹರಿಯೋ ಮುಂಚೆ ಮನೆಬಾಗಿಲಿಗೆ ಬರುವ ಬುಡಬುಡಿಕೆಯವರು ಭವಿಷ್ಯ ಹೇಳೋಕೆ ನೆನೆಯುವ ಅದೇ ಹಾಲಕ್ಕಿ. ಹಾಲಕ್ಕಿ ಒಳ್ಳೇದು ನುಡೀತು ಅಂದ್ರೆ ಮೊರದಲ್ಲಿ ಜೋಳ ಕೊಡೋ ಜನ, ಅದೇ ಹಕ್ಕಿ ‘ಗೂಗಿ’ ಆಗಿ ಮಾಳಿಗೆ ಮೇಲೆ ಕೂತ್ರೆ ಕಲ್ಲು ಹುಡುಕ್ತಾರೆ. ಬಂಗಾಳದಲ್ಲಿ ಇದರ ಕುಲವೇ ಲಕ್ಷ್ಮಿಯ ವಾಹನ. ತಪ್ಪು ಯಾರದೋ, ‘ಗೂಬೆ ಕೂರಿಸೋದು’ ಅಂತ ನುಡಿಗಟ್ಟು ಮಾಡಿ, ಪಾಪದ ಹಕ್ಕಿಯ ಮೇಲೇ ಗೂಬೆ ಕೂರಿಸಿದ್ದೀವಿ.

ಕಲ್ಲಿಗಿಂತ ದೊಡ್ಡ ಅಪಾಯಗಳಿವೆ. ಒಂದು, ಮಾಟ ಮಂತ್ರದ ವ್ಯಾಪಾರ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ‘ಟ್ರಾಫಿಕ್’ ಸಂಸ್ಥೆಯ 2010ರ ವರದಿ ಪ್ರಕಾರ, ಭಾರತದ 30 ಬಗೆಯ ಗೂಬೆಗಳಲ್ಲಿ 15 ಬಗೆ ಕಳ್ಳ ಮಾರಾಟದಲ್ಲಿ ಸಿಕ್ಕಿವೆ. ದೀಪಾವಳಿ ಹತ್ತಿರ ಬಂದಂತೆ ಭಯ ಹೆಚ್ಚು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದು ಅಪರಾಧ. ಎರಡು, ಇಲಿ ಪಾಷಾಣ. ಬ್ರೊಮಾಡಿಯೋಲೋನ್‌ನಂಥ ವಿಷ ತಿಂದ ಇಲಿ ತಕ್ಷಣ ಸಾಯೋದಿಲ್ಲ, ಕೆಲವು ದಿನ ಮಂಕಾಗಿ ಓಡಾಡ್ತಿರ್ತದೆ. ಅಂಥ ಇಲಿ ಗೂಬೆಗೆ ಸುಲಭದ ತುತ್ತು, ವಿಷವೂ ಅದರ ಹೊಟ್ಟೆಗೇ. ಮೂರು, ಮನೆಯೇ ಇಲ್ಲದಂತಾಗೋದು. ಗ್ರಾನೈಟಿಗೆ, ಜಲ್ಲಿಗೆ ಗುಡ್ಡ ಒಡೆದ್ರೆ ಕೊಂಬಿನ ಗೂಬೆ ಎಲ್ಲಿಗೆ ಹೋಗಬೇಕು? ರಸ್ತೆ ಅಗಲ ಮಾಡೋಕೆ ಹಳೇ ಬೇವು, ಹುಣಸೆ ಕಡಿದ್ರೆ ಹಾಲಕ್ಕಿ ಎಲ್ಲಿಗೆ?

ಬೇರೆ ದಾರಿ ಇಲ್ಲ ಅಂತೇನಿಲ್ಲ. ಇಸ್ರೇಲಿನ ರೈತರು 1980ರ ದಶಕದಲ್ಲೇ ಹೊಲಗಳಲ್ಲಿ ಕಣಜ ಗೂಬೆಗೆ ಮರದ ಪೆಟ್ಟಿಗೆ ಇಟ್ರು. ಆಮೇಲೆ ಜೋರ್ಡಾನ್, ಪ್ಯಾಲೆಸ್ಟೀನ್ ರೈತರೂ ಆ ಕೆಲಸಕ್ಕೆ ಕೈಜೋಡಿಸಿದ್ರು. ಗಡಿಯಲ್ಲಿ ಜಗಳ ಆಡೋರು ಗೂಬೆ ವಿಷಯದಲ್ಲಿ ಒಂದಾದ್ರು ಅಂದ್ರೆ, ಗಂಗಾವತಿಯ ಬದುವಿನಲ್ಲಿ ಒಂದು ಪೆಟ್ಟಿಗೆ ಇಡೋದು ಕಷ್ಟದ ಮಾತಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಮಾಳಿಗೆ ಮೇಲಿನ ಗೂಗಿಗೆ ಹೊಗೆ ಹಾಕೋಕೆ ಹೊರಟ ದೊಡ್ಡಪ್ಪನಿಗೆ, ಇದೇ ನಿಮ್ಮ ಹಾಲಕ್ಕಿ ಅಂತ ಹೇಳಿ. ಹೊಲದ ಹಳೇ ಮರ ಮಾರೋ ಮಾತು ಬಂದ್ರೆ, ಪೊಟರೆಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ನೋಡೋಕೆ ಹೇಳಿ. ಕೂಲಿ ಕೇಳದೆ ಇಡೀ ರಾತ್ರಿ ಗದ್ದೆ ಕಾಯೋ ಆಳು ಇನ್ನೊಬ್ಬ ಸಿಗೋದಿಲ್ಲ.