ವಿಲ್ಸನ್ ಕಾಯಿಲೆ: ಚಿಕಿತ್ಸೆ ಮತ್ತು ನಿಯತಕಾಲಿಕ ತಪಾಸಣೆ

ವಿಲ್ಸನ್ ಕಾಯಿಲೆಯು ಶರೀರದಲ್ಲಿ ತಾಮ್ರವು ಶೇಖರಗೊಳ್ಳುವ ಅಪರೂಪದ ಆನುವಂಶಿಕ ಕಾಯಿಲೆಯಾಗಿರುತ್ತದೆ. ಆಹಾರದ ಮೂಲಕ ಸೇರುವ ಹೆಚ್ಚುವರಿ ತಾಮ್ರವನ್ನು ಆರೋಗ್ಯವಂತರಲ್ಲಿ ಯಕೃತ್ತು ಪಿತ್ತರಸದೊಂದಿಗೆ ಹೊರಹಾಕುತ್ತದೆ. ಎಟಿಪಿ7ಬಿ ಎಂಬ ವಂಶವಾಹಿಯಲ್ಲಿ ದೋಷವಿರುವವರಲ್ಲಿ ಈ ಕಾರ್ಯ ಕುಂಠಿತಗೊಂಡು, ತಾಮ್ರವು ಯಕೃತ್ತು, ಮೆದುಳು ಹಾಗೂ ಕಣ್ಣುಗಳಲ್ಲಿ ಸಂಗ್ರಹವಾಗುತ್ತದೆ. ಕಾಮಾಲೆ, ಕೈನಡುಕ, ಮಾತು ತೊದಲುವುದು, ಜೊಲ್ಲು ಸುರಿಯುವುದು, ಶಾಲಾ ಮಕ್ಕಳಲ್ಲಿ ಬರವಣಿಗೆ ಕೆಡುವುದು ಇದರ ಲಕ್ಷಣಗಳು. 1912ರಲ್ಲಿ ಡಾ. ಕಿನ್ನಿಯರ್ ವಿಲ್ಸನ್ ಅವರು ವಿವರಿಸಿದಾಗ ಇದು ಮಾರಕ ಕಾಯಿಲೆಯಾಗಿತ್ತು. 1956ರಲ್ಲಿ ಡಾ. ಜಾನ್ ವಾಲ್ಷ್ ಅವರು ಪೆನಿಸಿಲಮಿನ್ ಔಷಧಿಯನ್ನು ಬಳಕೆಗೆ ತಂದ ನಂತರ ಪರಿಸ್ಥಿತಿ ಬದಲಾಯಿತು.

ಪೆನಿಸಿಲಮಿನ್ ಮತ್ತು ಟ್ರೈಯೆಂಟಿನ್ ಔಷಧಿಗಳು ತಾಮ್ರವನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಸತುವಿನ ಔಷಧಿಯು ಕರುಳಿನಲ್ಲಿ ತಾಮ್ರ ಹೀರಲ್ಪಡುವುದನ್ನು ತಡೆಯುತ್ತದೆ. ಪೆನಿಸಿಲಮಿನ್ ಅನ್ನು ಊಟಕ್ಕೆ 1 ಗಂಟೆ ಮೊದಲು ಅಥವಾ 2 ಗಂಟೆಗಳ ನಂತರ, ಪಿರಿಡಾಕ್ಸಿನ್ (ಬಿ6) ಜೀವಸತ್ವದ ಪೂರೈಕೆಯೊಂದಿಗೆ ಸೇವಿಸತಕ್ಕದ್ದು. ಆರಂಭದ ವಾರಗಳಲ್ಲಿ ಕೆಲವರಲ್ಲಿ ನಡುಕ ಹೆಚ್ಚಾಗುವುದುಂಟು. ಜ್ವರ, ದದ್ದು ಸಹ ಕಾಣಿಸಬಹುದು. ಇಂತಹ ಸಂದರ್ಭದಲ್ಲಿ ಕೂಡಲೇ ವೈದ್ಯರನ್ನು ಸಂಪರ್ಕಿಸಬೇಕು.

ಚಿಕಿತ್ಸೆಯು ಜೀವನಪರ್ಯಂತ ಮುಂದುವರಿಯಬೇಕಾಗಿರುತ್ತದೆ. ಲಕ್ಷಣಗಳು ಕಡಿಮೆಯಾದವೆಂದು ಔಷಧಿಯನ್ನು ಕೈಬಿಡುವುದೇ ಈ ಕಾಯಿಲೆಯಲ್ಲಿ ಅತ್ಯಂತ ಅಪಾಯಕಾರಿ. ಹೀಗೆ ನಿಲ್ಲಿಸಿದವರಲ್ಲಿ ಯಕೃತ್ತು ಹಠಾತ್ತನೆ ವಿಫಲಗೊಂಡು, ಯಕೃತ್ತಿನ ಕಸಿಯೊಂದೇ ಮಾರ್ಗವಾಗಿ ಉಳಿಯಬಹುದು. ಗರ್ಭಿಣಿಯರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಮಾಣವನ್ನು ವೈದ್ಯರು ಮಾರ್ಪಡಿಸುತ್ತಾರೆ.

ವರ್ಷಕ್ಕೆ ಕನಿಷ್ಠ 2 ಬಾರಿ ರಕ್ತಕಣಗಳ ಎಣಿಕೆ, ಯಕೃತ್ತಿನ ಕಾರ್ಯ, ರಕ್ತದಲ್ಲಿನ ತಾಮ್ರ ಹಾಗೂ ಮೂತ್ರ ಪರೀಕ್ಷೆ ಮಾಡಿಸತಕ್ಕದ್ದು. ಚಿಕಿತ್ಸೆಯ ಆರಂಭದಲ್ಲಿ ಇದಕ್ಕಿಂತ ಹೆಚ್ಚು ಬಾರಿ. 24 ಗಂಟೆಗಳ ಮೂತ್ರದಲ್ಲಿನ ತಾಮ್ರದ ಪ್ರಮಾಣ ಮುಖ್ಯವಾದುದು. ದೀರ್ಘಕಾಲದಿಂದ ಪೆನಿಸಿಲಮಿನ್ ಸೇವಿಸುವವರಲ್ಲಿ ಇದು ಸಾಮಾನ್ಯವಾಗಿ 200ರಿಂದ 500 ಮೈಕ್ರೋಗ್ರಾಂ ಇರಬೇಕು. ಇದಕ್ಕಿಂತ ಕಡಿಮೆಯಾದಲ್ಲಿ ಔಷಧಿ ತಪ್ಪಿರಬಹುದು, ಇಲ್ಲವೇ ಔಷಧಿ ಅತಿಯಾಗಿರಬಹುದು. ಆದ್ದರಿಂದ ಗುಳಿಗೆ ತಪ್ಪಿದ ದಿನಗಳನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಮೂತ್ರವನ್ನು ಪ್ರಯೋಗಾಲಯವು ನೀಡಿದ ಡಬ್ಬಿಯಲ್ಲಿಯೇ ಸಂಗ್ರಹಿಸತಕ್ಕದ್ದು.

ಪ್ರಾಣಿಗಳ ಯಕೃತ್ತು, ಚಿಪ್ಪುಮೀನು, ಗೋಡಂಬಿಯಂತಹ ಬೀಜಗಳು, ಅಣಬೆ, ಚಾಕೊಲೇಟ್ ಇವುಗಳನ್ನು ವಿಶೇಷವಾಗಿ ಮೊದಲ ವರ್ಷ ವರ್ಜಿಸಬೇಕು. ಪಥ್ಯವು ಔಷಧಿಗೆ ಬದಲಿಯಲ್ಲ. ತಾಮ್ರದ ಚೊಂಬಿನ ನೀರು ಆರೋಗ್ಯಕರವೆಂಬ ಪ್ರಚಾರ ವ್ಯಾಪಕವಾಗಿದ್ದು, ಈ ರೋಗಿಗಳಿಗೆ ಅದು ಸಲ್ಲದು. ತಾಮ್ರದ ಹಂಡೆಯ ನೀರನ್ನು ಕುಡಿಯಲಾಗಲಿ ಅಡುಗೆಗಾಗಲಿ ಬಳಸಬಾರದು.

ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಕಾಯಿಲೆ ಉಂಟಾಗುತ್ತದೆ. ಸೋದರಮಾವ, ಸೋದರತ್ತೆಯ ಮಗ ಮುಂತಾದ ರಕ್ತಸಂಬಂಧದ ವಿವಾಹಗಳಲ್ಲಿ ಇದರ ಸಂಭವ ಹೆಚ್ಚು. ರೋಗಿಯ ಪ್ರತಿಯೊಬ್ಬ ಒಡಹುಟ್ಟಿದವರಿಗೂ 4ರಲ್ಲಿ 1ರಷ್ಟು ಸಂಭವವಿರುವುದರಿಂದ, ಲಕ್ಷಣಗಳಿಲ್ಲದಿದ್ದರೂ ಅವರನ್ನು ತಪಾಸಣೆಗೆ ಒಳಪಡಿಸತಕ್ಕದ್ದು. ಕಾಯಿಲೆ ದೃಢಪಟ್ಟಲ್ಲಿ ಲಕ್ಷಣ ಕಾಣುವ ಮೊದಲೇ ಔಷಧಿ ಆರಂಭಿಸಲಾಗುತ್ತದೆ.