ಗಿರಕಿಯ ಪಾಠ: ಲಘು ವಿಮಾನ ತರಬೇತಿಯಲ್ಲಿ ‘ಸ್ಪಿನ್’ ಮತ್ತು ಸುರಕ್ಷತೆ

1998ರ ಜುಲೈ 18ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ಫ್ರಾನ್ಸ್ವಾ ಸರೋವರಕ್ಕೆ ಸೆಸ್ನಾ 152 ತರಬೇತಿ ವಿಮಾನವೊಂದು ಗಿರಕಿ ಹೊಡೆಯುತ್ತ ಬಂದು ಅಪ್ಪಳಿಸಿತು. ಅದರಲ್ಲಿದ್ದವರು ಇಬ್ಬರೇ: ಒಬ್ಬ ಬೋಧಕ, ಒಬ್ಬ ಶಿಕ್ಷಣಾರ್ಥಿ. ಗಿರಕಿಗೆ ಸಿಲುಕಿದ ವಿಮಾನವನ್ನು ಬಿಡಿಸಿಕೊಳ್ಳುವುದು ಹೇಗೆಂಬುದೇ ಅಂದಿನ ಪಾಠವಾಗಿತ್ತು. ಶಿಕ್ಷಣಾರ್ಥಿಯು ಎಡಗಡೆಗೆ ಗಿರಕಿ ಆರಂಭಿಸಿ, ಕಲಿಸಿದ ಕ್ರಮದಂತೆಯೇ ಅದನ್ನು ನಿಲ್ಲಿಸಲು ಯತ್ನಿಸಿದರೂ ವಿಮಾನ ಸುತ್ತುವುದನ್ನು ಬಿಡಲಿಲ್ಲ. ಬೋಧಕರು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಂಡರೂ ಫಲ ದೊರೆಯಲಿಲ್ಲ. ಬೋಧಕರು ಮೃತಪಟ್ಟರು, ಶಿಕ್ಷಣಾರ್ಥಿ ಬದುಕುಳಿದರು.

ಪ್ರಾಣ ಉಳಿಸಲೆಂದು ಕಲಿಸುವ ಪಾಠವೇ ಪ್ರಾಣ ತೆಗೆಯಬಹುದೆ? ಹಾಗಿದ್ದರೆ ಅದನ್ನು ಕಲಿಸಬೇಕೆ? ವೈಮಾನಿಕ ಶಿಕ್ಷಣದಲ್ಲಿ ಹಲವು ದಶಕಗಳಿಂದ ಚರ್ಚೆಯಲ್ಲಿರುವ ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ಸ್ಪಿನ್ ಎಂಬ ವಿದ್ಯಮಾನವನ್ನು ಮೊದಲು ಅರಿಯಬೇಕು.

ಸ್ಪಿನ್ ಎಂದರೇನು?

ವಿಮಾನದ ರೆಕ್ಕೆಯು ಎದುರಿನಿಂದ ಬರುವ ಗಾಳಿಗೆ ಒಂದು ಮಿತಿಯೊಳಗಿನ ಕೋನದಲ್ಲಿ ಇರುವವರೆಗೆ ಮಾತ್ರ ಸಮರ್ಪಕವಾಗಿ ಎತ್ತುವ ಬಲವನ್ನು ಉಂಟುಮಾಡುತ್ತದೆ. ಹೆಚ್ಚಿನ ಲಘು ವಿಮಾನಗಳಲ್ಲಿ ಈ ಮಿತಿ ಸುಮಾರು 15ರಿಂದ 18 ಡಿಗ್ರಿ. ಮೂತಿಯನ್ನು ಅತಿಯಾಗಿ ಮೇಲೆತ್ತಿದಾಗ ಈ ಮಿತಿ ದಾಟಿ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಚದುರಿಹೋಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದೇ ‘ಸ್ಟಾಲ್’. ಎಂಜಿನ್ ಕೆಟ್ಟು ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸ್ಟಾಲ್ ಆದ ಗಳಿಗೆಯಲ್ಲಿ ವಿಮಾನದ ಮೂತಿ ಎಡಕ್ಕೋ ಬಲಕ್ಕೋ ಹೊರಳುತ್ತಿದ್ದರೆ ಎರಡು ರೆಕ್ಕೆಗಳ ಸ್ಥಿತಿ ಒಂದೇ ಆಗಿರುವುದಿಲ್ಲ. ಕೆಳಗಿಳಿಯುವ ರೆಕ್ಕೆ ಇನ್ನಷ್ಟು ಆಳವಾದ ಸ್ಟಾಲ್‌ಗೆ ಜಾರುತ್ತದೆ. ಮೇಲೇಳುವ ರೆಕ್ಕೆಗೆ ಸ್ವಲ್ಪ ಬಲ ಉಳಿದಿರುತ್ತದೆ. ಈ ಅಸಮತೋಲನವೇ ವಿಮಾನವನ್ನು ಬುಗುರಿಯಂತೆ ತಿರುಗಿಸುತ್ತ ಕೆಳಕ್ಕೆ ಎಳೆಯುತ್ತದೆ. ಒಮ್ಮೆ ಆರಂಭವಾದ ಈ ಸುತ್ತುವಿಕೆ ತನ್ನನ್ನು ತಾನೇ ಪೋಷಿಸಿಕೊಳ್ಳುತ್ತ ಹೋಗುತ್ತದೆ.

ಸ್ಪಿನ್ ಅನ್ನು ಸುರುಳಿ ಇಳಿತದೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಸುರುಳಿ ಇಳಿತದಲ್ಲಿ ವೇಗ ಏರುತ್ತಲೇ ಹೋಗುತ್ತದೆ. ಸ್ಪಿನ್‌ನಲ್ಲಿ ವೇಗಸೂಚಿ ಕಡಿಮೆ ವೇಗವನ್ನೇ ತೋರಿಸುತ್ತಿರುತ್ತದೆ. ಎರಡಕ್ಕೂ ಪರಿಹಾರ ಬೇರೆ ಬೇರೆಯಾದ್ದರಿಂದ ಈ ವ್ಯತ್ಯಾಸವನ್ನು ಕ್ಷಣಮಾತ್ರದಲ್ಲಿ ಗುರುತಿಸಬೇಕಾಗುತ್ತದೆ.

ಪಾರಾಗುವ ಕ್ರಮ

ಆಯಾ ವಿಮಾನದ ಕೈಪಿಡಿ ಹೇಳುವ ಕ್ರಮವೇ ಅಂತಿಮ. ಆದರೆ ಬಹುತೇಕ ತರಬೇತಿ ವಿಮಾನಗಳಿಗೆ ಅನ್ವಯಿಸುವ ಸಾಮಾನ್ಯ ಕ್ರಮ ಹೀಗಿದೆ:

* ಎಂಜಿನ್ ಶಕ್ತಿಯನ್ನು ಪೂರ್ಣ ತಗ್ಗಿಸುವುದು.
* ರೆಕ್ಕೆಯ ತುದಿಯಲ್ಲಿರುವ ಏಲೆರಾನ್‌ಗಳನ್ನು ಮಧ್ಯಸ್ಥಿತಿಗೆ ತರುವುದು.
* ವಿಮಾನ ಸುತ್ತುತ್ತಿರುವ ದಿಕ್ಕಿಗೆ ವಿರುದ್ಧವಾಗಿ ರಡ್ಡರ್ ಪೆಡಲನ್ನು ಪೂರ್ತಿಯಾಗಿ ಒತ್ತುವುದು.
* ನಿಯಂತ್ರಣ ದಂಡವನ್ನು ಮುಂದಕ್ಕೆ ತಳ್ಳಿ ರೆಕ್ಕೆಯನ್ನು ಸ್ಟಾಲ್‌ನಿಂದ ಬಿಡಿಸುವುದು.
* ಸುತ್ತುವಿಕೆ ನಿಂತೊಡನೆ ರಡ್ಡರನ್ನು ನೇರಗೊಳಿಸಿ, ಮೂತಿಯನ್ನು ಮೆಲ್ಲನೆ ಮೇಲೆತ್ತುವುದು.

ಇವುಗಳಲ್ಲಿ ನಾಲ್ಕನೆಯದು ಮನುಷ್ಯ ಸಹಜ ಪ್ರವೃತ್ತಿಗೆ ನೇರ ವಿರುದ್ಧವಾದುದು. ನೆಲ ಮೇಲೇರಿ ಬರುತ್ತಿರುವಂತೆ ಕಾಣುವಾಗ ದಂಡವನ್ನು ಹಿಂದಕ್ಕೆ ಎಳೆಯಬೇಕೆಂದೇ ಕೈ ತವಕಿಸುತ್ತದೆ. ಹಾಗೆ ಎಳೆದರೆ ಸ್ಟಾಲ್ ಬಿಡುವುದಿಲ್ಲ, ಸ್ಪಿನ್ ನಿಲ್ಲುವುದಿಲ್ಲ. ಕೈಯ ಈ ತವಕವನ್ನು ತಡೆಯುವುದೇ ತರಬೇತಿಯ ತಿರುಳು.

ಅರಿವು ಬೆಳೆದ ಬಗೆ

ವಿಮಾನಯಾನದ ಆರಂಭದ ವರ್ಷಗಳಲ್ಲಿ ಸ್ಪಿನ್ ಎಂದರೆ ಸಾವು ಎಂದೇ ಭಾವಿಸಲಾಗಿತ್ತು. 1912ರ ಆಗಸ್ಟ್ 25ರಂದು ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನ ಮೇಲೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ವಿಲ್‌ಫ್ರೆಡ್ ಪಾರ್ಕ್ ಅವರ ಆವ್ರೊ ವಿಮಾನ ಗಿರಕಿಗೆ ಸಿಲುಕಿತು. ಬೇರೆಲ್ಲ ಯತ್ನಗಳು ವಿಫಲವಾದಾಗ ಅವರು ಸುತ್ತಿನ ವಿರುದ್ಧ ದಿಕ್ಕಿಗೆ ರಡ್ಡರ್ ಒತ್ತಿದರು. ನೆಲದಿಂದ ಕೆಲವೇ ಅಡಿಗಳ ಮೇಲೆ ವಿಮಾನ ಸ್ಥಿಮಿತಕ್ಕೆ ಬಂತು. ಪ್ರತ್ಯಕ್ಷದರ್ಶಿಗಳ ಸಮ್ಮುಖದಲ್ಲಿ ನಡೆದ ಈ ಪಾರುಗಾಣಿಕೆ ‘ಪಾರ್ಕ್ಸ್ ಡೈವ್’ ಎಂದೇ ಹೆಸರಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಫಾರ್ನ್‌ಬರೊದಲ್ಲಿ ಭೌತವಿಜ್ಞಾನಿ ಫ್ರೆಡರಿಕ್ ಲಿಂಡೆಮನ್ ಸ್ವತಃ ವಿಮಾನ ಹಾರಿಸಲು ಕಲಿತು, ಉದ್ದೇಶಪೂರ್ವಕವಾಗಿ ಸ್ಪಿನ್‌ಗೆ ಇಳಿದು ಅಳತೆಗಳನ್ನು ದಾಖಲಿಸಿದರು. ಮುಂದೆ ಚರ್ಚಿಲ್ ಅವರ ವೈಜ್ಞಾನಿಕ ಸಲಹೆಗಾರರಾದವರು ಇವರೇ.

ಕೆನಡಾ ಅಪಘಾತ ತೋರಿಸಿದ್ದು

ಸೇಂಟ್ ಫ್ರಾನ್ಸ್ವಾ ಸರೋವರದ ಅಪಘಾತವನ್ನು ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿತು. ಸೆಸ್ನಾ 152 ಉದ್ದೇಶಪೂರ್ವಕ ಸ್ಪಿನ್‌ಗೆ ಅನುಮತಿ ಪಡೆದ ವಿಮಾನ. ಅಲ್ಲಿ ತಪ್ಪಿದ್ದು ಕ್ರಮವಲ್ಲ, ಯಂತ್ರ. ರಡ್ಡರ್ ಎಡಕ್ಕೆ ಎಷ್ಟು ತಿರುಗಬೇಕೆಂಬುದನ್ನು ಅದರ ಬುಡದಲ್ಲಿರುವ ಒಂದು ಸಣ್ಣ ತಡೆ ನಿರ್ಧರಿಸುತ್ತದೆ. ರಡ್ಡರ್ ಆ ತಡೆಯನ್ನು ಮೀರಿ ಹೋಗಿ ಅಲ್ಲಿಯೇ ಸಿಕ್ಕಿಕೊಂಡಿತ್ತು. ಪೆಡಲನ್ನು ಎಷ್ಟು ಒತ್ತಿದರೂ ಅದು ಮರಳಿ ಬರುವಂತಿರಲಿಲ್ಲ. ಗಿರಕಿಯನ್ನು ನಿಲ್ಲಿಸಬೇಕಾದ ಸಾಧನವೇ ಗಿರಕಿಯನ್ನು ಉಳಿಸಿಕೊಂಡಿತ್ತು.

ತಯಾರಿಕಾ ಸಂಸ್ಥೆ 2001ರಲ್ಲಿ ತಡೆಯನ್ನು ಮಾರ್ಪಡಿಸುವ ಸೂಚನಾಪತ್ರ ಹೊರಡಿಸಿತು. ಅದು ಕಡ್ಡಾಯವಾಗಿರಲಿಲ್ಲ. 2005ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ವಿಲಿಯಮ್ಸ್‌ಬರ್ಗ್ ಬಳಿ ಮತ್ತೊಂದು ಸೆಸ್ನಾ 152 ಸ್ಪಿನ್ ತರಬೇತಿಯ ವೇಳೆ ಪತನಗೊಂಡು ಅದರಲ್ಲಿದ್ದ ಇಬ್ಬರೂ ಮೃತಪಟ್ಟರು. ಅಲ್ಲಿಯೂ ರಡ್ಡರ್ ಮಿತಿಮೀರಿ ಸಿಕ್ಕಿಕೊಂಡಿದ್ದುದು ಕಂಡುಬಂತು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಡ್ಡಾಯ ಕ್ರಮಕ್ಕೆ ಶಿಫಾರಸು ಮಾಡಿತು. 2009ರಲ್ಲಿ ಅಲ್ಲಿನ ವಿಮಾನಯಾನ ಆಡಳಿತ ಸೆಸ್ನಾ 150 ಹಾಗೂ 152 ಮಾದರಿಗಳಿಗೆ ಆದೇಶ ಹೊರಡಿಸಿತು: ಹೊಸ ರಡ್ಡರ್ ತಡೆಯನ್ನು ಅಳವಡಿಸಬೇಕು, ಇಲ್ಲವೆ ಸ್ಪಿನ್ ಹಾಗೂ ಇತರ ಕಸರತ್ತುಗಳನ್ನು ನಿಷೇಧಿಸುವ ಫಲಕವನ್ನು ವಿಮಾನದಲ್ಲಿ ಹಾಕಬೇಕು. ಮೊದಲ ಅಪಘಾತಕ್ಕೂ ಈ ಆದೇಶಕ್ಕೂ ನಡುವೆ ಹನ್ನೊಂದು ವರ್ಷಗಳ ಅಂತರ.

ಕಲಿಸಬೇಕೆ, ತಪ್ಪಿಸಲು ಕಲಿಸಬೇಕೆ?

ಅಮೆರಿಕವು 1949ರಲ್ಲಿಯೇ ಖಾಸಗಿ ಪೈಲಟ್ ಪರವಾನಗಿಗೆ ಸ್ಪಿನ್ ಪ್ರದರ್ಶನ ಅಗತ್ಯವೆಂಬ ನಿಯಮವನ್ನು ಕೈಬಿಟ್ಟು, ಸ್ಟಾಲ್ ಅನ್ನು ಮೊದಲೇ ಗುರುತಿಸಿ ತಪ್ಪಿಸುವುದಕ್ಕೆ ಒತ್ತು ನೀಡಿತು. ಬೋಧಕರಾಗುವವರಿಗೆ ಮಾತ್ರ ಸ್ಪಿನ್ ತರಬೇತಿ ಉಳಿಯಿತು. ಈ ನಿಲುವಿನ ಹಿಂದಿನ ತರ್ಕ ಸರಳ. ಪ್ರಾಣಾಂತಿಕ ಸ್ಪಿನ್‌ಗಳು ಹೆಚ್ಚಾಗಿ ಸಂಭವಿಸುವುದು ನಿಲ್ದಾಣದ ಸಮೀಪ, ಇಳಿಯುವ ಮುನ್ನದ ಕೊನೆಯ ತಿರುವಿನಲ್ಲಿ. ರನ್‌ವೇ ನೇರದಿಂದ ಆಚೆ ಸರಿದ ಪೈಲಟ್ ರಡ್ಡರ್ ಒತ್ತಿ ಮೂತಿ ತಿರುಗಿಸಿ, ಜತೆಗೆ ದಂಡವನ್ನೂ ಎಳೆದರೆ ಸ್ಪಿನ್‌ಗೆ ಬೇಕಾದ ಎರಡೂ ಅಂಶಗಳು ಕೂಡಿಕೊಳ್ಳುತ್ತವೆ. ಆಗ ಎತ್ತರ ಕೆಲವು ನೂರು ಅಡಿಗಳಷ್ಟೆ. ಸೆಸ್ನಾ 152 ಒಂದು ಸುತ್ತು ಸುತ್ತಿ ಚೇತರಿಸಿಕೊಳ್ಳಲು ಸುಮಾರು 1,000 ಅಡಿ ಎತ್ತರ ಕಳೆದುಕೊಳ್ಳುತ್ತದೆ. ಇಲ್ಲಿ ಎಂತಹ ನಿಪುಣತೆಯೂ ನೆರವಿಗೆ ಬಾರದು.

ಪ್ರತಿವಾದವೂ ಬಲವಾದುದೇ. ಗಿರಕಿಯನ್ನು ಒಮ್ಮೆಯೂ ಕಾಣದವನು ಅದರ ಆರಂಭದ ಲಕ್ಷಣಗಳನ್ನು ಗುರುತಿಸುವುದು ಕಷ್ಟ. ಭಯದಿಂದ ಕೈಕಾಲು ಸ್ತಬ್ಧವಾಗುವ ಸಂಭವವೂ ಹೆಚ್ಚು. ಸೇನಾ ತರಬೇತಿಯಲ್ಲಿ ಸ್ಪಿನ್ ಇಂದಿಗೂ ಪಾಠದ ಭಾಗವಾಗಿರುವುದು ಇದೇ ಕಾರಣಕ್ಕೆ.

ಬೆಂಗಳೂರಿನ ಅನುಭವ

ತರಬೇತಿ ವಿಮಾನ ಸ್ಪಿನ್‌ನಿಂದ ಖಚಿತವಾಗಿ ಹೊರಬರುವಂತೆ ಮಾಡುವುದು ಎಷ್ಟು ಕಠಿಣವೆಂಬುದಕ್ಕೆ ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಎಚ್‌ಜೆಟಿ-36 ಜೆಟ್ ತರಬೇತಿ ವಿಮಾನವೇ ಸಾಕ್ಷಿ. ಲಘು ವಿಮಾನವಲ್ಲದಿದ್ದರೂ ಸಮಸ್ಯೆ ಅದೇ. 2003ರ ಮಾರ್ಚ್‌ನಲ್ಲಿ ಮೊದಲು ಹಾರಿದ ಈ ವಿಮಾನದ ಯೋಜನೆಯನ್ನು ಸ್ಟಾಲ್ ಮತ್ತು ಸ್ಪಿನ್ ಗುಣಗಳ ಕೊರತೆ ವರ್ಷಗಟ್ಟಲೆ ಕಾಡಿತು. ಬಾಲದ ಭಾಗವನ್ನು ಪುನರ್ವಿನ್ಯಾಸ ಮಾಡಿದ ಬಳಿಕ 2019ರಲ್ಲಿ ಅದು ಮತ್ತೆ ಹಾರಿತು. ಆರು ಸುತ್ತಿನ ಸ್ಪಿನ್‌ನಿಂದ ಹೊರಬರುವ ಸಾಮರ್ಥ್ಯವನ್ನು ಅದು ತೋರಿಸಿತೆಂದು 2022ರ ಜನವರಿಯಲ್ಲಿ ಎಚ್‌ಎಎಲ್ ಪ್ರಕಟಿಸಿತು.

ಪಾಲಿಸಬೇಕಾದ ಎಚ್ಚರಿಕೆಗಳು

* ಅನುಮತಿ: ಸ್ಪಿನ್‌ಗೆ ಅನುಮತಿ ಇದೆಯೆಂದು ಕೈಪಿಡಿ ಹಾಗೂ ಫಲಕದಿಂದ ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ವರ್ಗದ ಏಕ ಎಂಜಿನ್ ವಿಮಾನಗಳನ್ನು ಬಹುಕಾಲ ಒಂದೇ ಸುತ್ತಿನಿಂದ ಚೇತರಿಸಿಕೊಳ್ಳುವ ಮಟ್ಟಿಗಷ್ಟೇ ಪರೀಕ್ಷಿಸಲಾಗುತ್ತಿತ್ತು.
* ಭಾರ: ಗುರುತ್ವ ಕೇಂದ್ರ ಹಿಂದಕ್ಕೆ ಸರಿದಷ್ಟೂ ಸ್ಪಿನ್ ಚಪ್ಪಟೆಯಾಗಿ, ಚೇತರಿಕೆ ದುಸ್ಸಾಧ್ಯವಾಗುತ್ತದೆ. ಸೆಸ್ನಾ 152ರಲ್ಲಿ ಸಾಮಾನು ಇಟ್ಟುಕೊಂಡು ಸ್ಪಿನ್ ಮಾಡುವಂತಿಲ್ಲ.
* ಎತ್ತರ: ಕೈಪಿಡಿ ಹೇಳುವ ಕನಿಷ್ಠಕ್ಕಿಂತ ಸಾಕಷ್ಟು ಮೇಲೆ ಆರಂಭಿಸಬೇಕು, ಕೈಬಿಟ್ಟು ಮುಗಿಸುವ ಎತ್ತರವನ್ನು ಮೊದಲೇ ನಿಶ್ಚಯಿಸಿರಬೇಕು.
* ತಪಾಸಣೆ: ರಡ್ಡರ್ ಕೇಬಲ್ ಹಾಗೂ ತಡೆಗಳನ್ನು ನೆಲದ ಮೇಲೆಯೇ ಪರಿಶೀಲಿಸಬೇಕು, ವಿಮಾನಕ್ಕೆ ಸಂಬಂಧಿಸಿದ ಆದೇಶಗಳು ಪಾಲನೆಯಾಗಿವೆಯೆ ಎಂದು ದಾಖಲೆಯಲ್ಲಿ ನೋಡಬೇಕು.
* ಬೋಧಕ: ನಿಯಂತ್ರಣ ಯಾರ ಕೈಯಲ್ಲಿದೆ ಎಂಬುದು ಇಬ್ಬರಿಗೂ ಸಂಶಯಾತೀತವಾಗಿ ತಿಳಿದಿರಬೇಕು. ಬೋಧಕರಿಗೆ ಅದೇ ಮಾದರಿಯ ವಿಮಾನದಲ್ಲಿ ಸ್ಪಿನ್‌ನ ಇತ್ತೀಚಿನ ಅನುಭವ ಇರಬೇಕು.

ಸೇಂಟ್ ಫ್ರಾನ್ಸ್ವಾ ಸರೋವರದ ಮೇಲೆ ಇಬ್ಬರೂ ಮಾಡಬೇಕಾದುದನ್ನೇ ಮಾಡಿದ್ದರು. ಪಾಠ ಸರಿಯಾಗಿದ್ದರಷ್ಟೇ ಸಾಲದು. ಪಾಠ ನಂಬಿಕೊಂಡಿರುವ ಸಣ್ಣ ಲೋಹದ ತುಂಡೂ ಸರಿಯಾಗಿರಬೇಕು.